ಎತ್ತಿಟ್ಟ ಗಂಗಾಳ

ಬೆಟಗೇರಿ
೩ ಜೂನ್ ೨೦೨೪

ತಮ್ಮಾ ಸುನೀಲಾ,

ನಿನ್ನ ಫೋನ್ ಹತ್ತಲಾರದ ಒಂದೂವರಿ ತಿಂಗಳ ಮ್ಯಾಲಾತು. ಬಂದರದಾಗ ನಾವಿಕರ ಸೇವಾ ಮಾಡೋ ಆ ಕೇರಳದ ಸಾಹೇಬರು ಮೊನ್ನೆ ತಾವಾಗೇ ಫೋನ್ ಮಾಡಿದ್ರು. ಹಡಗದಾಗ ಕರೆಂಟ್ ಇಲ್ಲಂತ, ಯಾರ ಮೊಬೈಲೂ ಚಾಲೂ ಇಲ್ಲಂತ. ‘ನೀವು ಕಾಗದದ ಮ್ಯಾಲ ಬರದು ಫೋಟೋ ಕಳಸ್ರಿ, ನಾ ಪ್ರಿಂಟ್ ತಗದು ಹಡಗಕ್ಕ ಕುಡಿಯೋ ನೀರು ಒಯ್ಯೋ ದೋಣಿ ಹೋದಾಗ ಕೊಡತೇನಿ. ಅವರು ಬರದದ್ದನ್ನೂ ಹಂಗ ನಿಮಗ ಮುಟ್ಟಸ್ತೇನಿ’ ಅಂದ್ರು. ಅವರಿಗೆ ಪುಣ್ಯ ಬರಲಿ. ಎಂಜಿನ್ ರಿಪೇರಿ ಆಗೂತನಕ ಹಿಂಗ ಅಂತಲ್ಲ? ರಿಪೇರಿಗೆ ಇಷ್ಟು ದಿನ ಬೇಕೇನೋ?

ಇಲ್ಲಿ ಎಲ್ಲಾರೂ ಆರಾಮ ಅದೀವಿ. ಮಗ್ಗ ನಡದೈತಿ. ಅವ್ವ ಮುಂಜಾನೆ ಎದ್ದು ನಿನ್ನ ಫೋಟೋದ ಮುಂದ ನಿಂತು ತಾನೇ ಏನರ ಮಾತಾಡಕೋತ ಇರತಾಳ.

ಒಂದ ಮಾತು. ನಿನ್ನ ಹೆಂಡ್ತಿ ಲಿಗಾಯಾ ಉಣವಲ್ಲಳು. ಮಾಡಿದ್ದು ಯಾವುದೂ ಬ್ಯಾಡ. ರೊಟ್ಟಿ ಮುರದು ಇಡತಾಳ, ಅನ್ನ ಕಲಿಸಿ ಇಡತಾಳ, ಬಾಯಿಗೆ ಒಯ್ಯೂದಿಲ್ಲ. ಕೇಳಿದ್ರ ಒಂದ ಮಾತು: ‘ಕರೆ-ಕರೆ’. ಅವ್ವ ಅಂದ್ಲು, ‘ಕರಿ ಕರಿ ಅಂದ್ರ ಏನಬೇ ಲಿಂಗವ್ವ, ಹೊತ್ತಿಸಿದ್ದು ಬೇಕೇನು?’ (ಅವ್ವಗ ಇನ್ನೂ ಆ ಹೆಸರು ಬಾಯಾಗ ಹೊಳ್ಳೂದಿಲ್ಲ, ಲಿಂಗವ್ವ ಅಂತಾಳ.) ನಾ ಕರಿಂಡಿ ಇರಬೇಕು ಅಂತ ತಿಳದು ಬೆಳ್ಳಟ್ಟಿ ಗುರುಸಿದ್ದವ್ವನ ಕಡಿಂದ ಒಂದು ಡಬ್ಬಿ ಕರಿಂಡಿ ಚಟ್ನಿ ತರಿಸಿ ಮುಂದ ಇಟ್ಟೆ. ಮೂಸಿ ನೋಡಿ ಕಣ್ಣು ಮುಚ್ಚಿದಳು. ಆಮ್ಯಾಲ ತನ್ನ ಅರ್ಧಮರ್ಧ ಹಿಂದಿಯೊಳಗ ಶೇಂಗಾ ಅಂದ್ಲು, ಮಾಂಸ ಅಂದ್ಲು. ಶೇಂಗಾ ಹಾಕಿದ ಮಾಂಸದ ಸಾರು ನಾ ಹುಟ್ಟಿದಾಗಿಂದ ಕೇಳಿಲ್ಲ.

ನೀ ಅವರ ಊರಾಗ ಇದ್ದು ಬಂದಾಂವ, ಹಡಗದಾಗ ಅಡಗಿ ಮಾಡಾಂವ. ಅದನ್ನ ಹೆಂಗ ಮಾಡೂದು, ಎಳ್ಳಷ್ಟೂ ಬಿಡಲಾರದ ಬರದು ಕಳಸು. ನೀ ಬಯಕಿ ಅಂತ ತಿಳಕೋ. ಏನರ ತಿಳಕೋ. ಆದ್ರ ಜಲ್ದಿ ಬರಿ ಸುನೀಲಾ. ಆಕಿ ಕೈಯಾನ ಬಳಿ ಮೊಣಕೈತನಕ ಏರತಾವ.

ನಿನ್ನ ಅಕ್ಕ
ಕಲ್ಪನಾ

ಹಡಗದಿಂದ
೧೫ ಜೂನ್ ೨೦೨೪

ಅಕ್ಕಾ,

ನಿನ್ನ ಕಾಗದ ಕೈಗೆ ಬಂದಾಗ ಡೆಕ್ಕಿನ ಮ್ಯಾಲ ಎಲ್ಲಾರಿಗೂ ಓದಿ ತೋರಿಸಿದೆ. ಕನ್ನಡ ಬಾರದವರಿಗೂ ತೋರಿಸಿದೆ. ‘ಬಯಕಿ’ ಅಂದ್ರೇನಂತ ಹೇಳಿದಾಗ ನಮ್ಮ ಬೋಸನ್, ಡೆಕ್ಕಿನ ಕೆಲಸದವರ ಮುಖಂಡ, ಅಂವ ಲಿಗಾಯಾನ ದೇಶದಾಂವ, ನನ್ನ ಬೆನ್ನು ಗುದ್ದಿ ನಕ್ಕ. ಭಾಳ ದಿನದ ಮ್ಯಾಲ ನಕ್ಕ.

ನನ್ನ ಚಿಂತಿ ಮಾಡಬ್ಯಾಡ್ರಿ. ಎಂಜಿನ್ ರಿಪೇರಿ, ಮಾಲಕರ ಮಾತುಕತಿ ಏನೇನೋ ಅದಾವು. ಊಟಕ್ಕೇನೂ ಕಡಿಮಿ ಇಲ್ಲ. ನನಗ ಕೆಲಸ ಈಗ ಹಗರ, ಬರಿಯಾಕ ವ್ಯಾಳ್ಯಾ ಬೇಕಾದಷ್ಟೈತಿ. ಹಿಂಗಾಗಿ ಸಾವಕಾಶ ಬರೀತೇನಿ, ನೀ ಸಾವಕಾಶ ಓದು.

ಕರೆ-ಕರೆ ಅಂದ್ರ ಅವರ ದೇಶದ ಶೇಂಗಾ ಹಾಕಿದ ಮಾಂಸದ ಸಾರು. ಅದಕ್ಕ ಅವರು ದನದ ಬಾಲ ಹಾಕತಾರ. ನಮ್ಮಲ್ಲಿ ಅದು ನಡಿಯೂದಿಲ್ಲ, ಬ್ಯಾಡ. ಕುರಿದು ಮೊಣಕಾಲಿನ ಎಲುವು ಇರೋ ಮಾಂಸ ತರಿಸು, ಸ್ವಲ್ಪ ಬೋಟಿ. ಬೋಟಿ ಉಪ್ಪು ಹಚ್ಚಿ ಮೂರು ನಾಕು ನೀರಾಗ ತೊಳೀಬೇಕು. ಎಲುವಿನಿಂದ ಮಾಂಸ ತಾನಾಗೇ ಬಿಡೂತನಕ ಸಣ್ಣ ಉರಿ ಮ್ಯಾಲ ಕುದಿಬೇಕು. ಕುಕ್ಕರ ಬ್ಯಾಡ. ಕುದ್ದಂಗ ಕುದ್ದಂಗ ಮ್ಯಾಲ ನೊರಿ ಬರತೈತಿ, ಅದನ್ನ ತಗೀತಿರು. ಆ ನೀರು ಚೆಲ್ಲಬ್ಯಾಡ, ಒಂದ ಹನಿನೂ ಚೆಲ್ಲಬ್ಯಾಡ, ರುಚಿ ಎಲ್ಲಾ ಅದರಾಗ.

ಶೇಂಗಾ ನಮ್ಮ ಮುಂಡರಗಿ ಕಡೀದ ಇರಲಿ, ಸಣ್ಣ ಕಾಳಿಂದು. ಹುರದು, ಸಿಪ್ಪಿ ತಿಕ್ಕಿ ಕೇರಿ, ಎಣ್ಣಿ ಬಿಡೂತನಕ ಅರಿ. ಚಟ್ನಿಗೆ ಕುಟ್ಟಿದಂಗ ಅಲ್ಲ, ನುಣ್ಣಗ. ಅಕ್ಕಿ ಒಣಾ ಬಾಣಲಿಯೊಳಗ ಕೆಂಪಗ ಹುರದು ಪುಡಿ ಮಾಡು. ಬಣ್ಣಕ್ಕ ಅವರು ಒಂದು ಕೆಂಪು ಬೀಜ ಹಾಕತಾರ. ನೀ ಬೀಜ ತಗದ ಬ್ಯಾಡಗಿ ಮೆಣಸಿನಕಾಯಿ ಸಿಪ್ಪಿ ಬೆಚ್ಚನ್ನ ಎಣ್ಣಿಯೊಳಗ ಬಿಟ್ಟು, ಎಣ್ಣಿ ಕೆಂಪಾದ ಮ್ಯಾಲ ಸೋಸಿ ಹಾಕು. ಖಾರ ಬ್ಯಾಡ, ಮಸಾಲಿ ಬ್ಯಾಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹುರದು ಮಾಂಸದ ನೀರು ಹಾಕಿ, ಶೇಂಗಾ ಕಲಿಸಿ, ಅಕ್ಕಿ ಪುಡಿ ಹಾಕಿದಿ ಅಂದ್ರ ಗಟ್ಟಿ ಆಗಾಕ ಹತ್ತತೈತಿ, ಗುಳುಗುಳು ಅಂತ ಗುಳ್ಳಿ ಏಳತಾವ, ಅವಾಗ ಬರೋ ವಾಸನಿ, ಅಕ್ಕಾ, ಅದು ಹೊಟ್ಟಿಗೆ ಬರೂದಿಲ್ಲ, ಎದಿಗೆ ಬರತೈತಿ. ಬದನಿಕಾಯಿ, ಅಲಸಂದಿಕಾಯಿ, ಬಾಳಿ ಹೂವು ಬ್ಯಾರೆ ಬೇಯಿಸಿ ಕಡೀಕ ಇಡು. ಅನ್ನದ ಮ್ಯಾಲ ಹಾಕಿ, ಬಾಜೂಕ ಉಪ್ಪಿನಾಗ ಹಾಕಿಟ್ಟ ಸೀಗಡಿ ಬಳ್ಳೊಳ್ಳಿಯೊಳಗ ಹುರದು ಒಂದೀಟು. ಸಾರಿಗೆ ಉಪ್ಪು ಹಾಕೂದಿಲ್ಲ, ಉಪ್ಪೆಲ್ಲಾ ಆ ಸೀಗಡಿಯೊಳಗ. ಅದಿಲ್ಲದ ಇದು ಇಲ್ಲ.

ಇಷ್ಟು ಬರದು ಒಂದು ಸಲ ಓದಿದೆ, ಇನ್ನೊಂದು ಸಲ ಓದಿದೆ. ಬೋಸನ್‌ಗೂ ಹೇಳಿದೆ. ‘ಮತ್ತೊಮ್ಮೆ ಹೇಳು’ ಅಂದ.

ಅವ್ವನ ಒಲಿ ಮ್ಯಾಲ ಮಾಡಬ್ಯಾಡ, ಆಕಿಗೆ ತಡಿಯೂದಿಲ್ಲ. ಲಿಗಾಯಾ ತಾನ ಯಾಕ ಒಂದು ಸಾಲು ಬರೀಲಿಲ್ಲ? ಆಗಸ್ಟದಾಗ ಹೆರಿಗಿ ಅಂತ ಹೇಳಿದ್ರಲ್ಲ ಡಾಕ್ಟರು. ನಾ ಅಷ್ಟರಾಗ ಬಂದ ಬರತೇನಿ. ಹೊಟ್ಟಿಯೊಳಗ ಕೂಸು ಒದೀತೈತೇನು ಕೇಳಿ ಬರಿ.

ಸುನೀಲಕುಮಾರ

ಬೆಟಗೇರಿ
೪ ಜುಲೈ ೨೦೨೪

ಸುನೀಲಾ,

ನೀ ಬರದಂಗ ಮಾಡಿದ್ವಿ. ಮಾಡಿದ್ದು ಯಾಕರ ಮಾಡಿದ್ವೋ ಅನಿಸೇತಿ.

ನಮ್ಮ ಓಣಿ ಯಾಸ್ಮೀನ ನೆನಪದಾಳಲ್ಲ, ಲಕ್ಷ್ಮೇಶ್ವರದಿಂದ ಬಂದಾಕಿ, ಬ್ಲೌಸ್ ಹೊಲಿಯಾಕಿ. ಆಕಿ ಮನಿಯಾಗ ಮಾಡಿದ್ದು. ಅವ್ವಗ ‘ಹೊಲಗಿ ಕೆಲಸ ಐತಿ’ ಅಂತ ಸುಳ್ಳು ಹೇಳಿ ಲಿಗಾಯಾನ್ನ ಕರಕೊಂಡು ಹೋದೆ. ಶೇಂಗಾ ನಾ ಹುರದು ಅರದೆ. ಮಾಂಸ ಯಾಸ್ಮೀನನ ಅತ್ತಿ ಜನ್ನತಬಿ ಕಾಕು ನೋಡಿಕೊಂಡ್ರು. ‘ಖಾರ ಇಲ್ಲ, ಮಸಾಲಿ ಇಲ್ಲ, ಇದೆಂಥ ಸಾಲನ್? ಇರಲಿ ಬಿಡು, ಬಾಣಂತಿಗೆ ಹಿಂಗ ಛಲೋ’ ಅಂದ್ರು. ಸೀಗಡಿ ಎಲ್ಲಿ ಸಿಗತೈತಿ ಗೊತ್ತಾಗಲಿಲ್ಲ, ಅದನ್ನ ಬಿಟ್ವಿ.

ವಾಸನಿ ಬಂದ ಕೂಡಲೇ ಲಿಗಾಯಾ ಎದ್ದು ಒಲಿ ಮುಂದ ಬಂದು ನಿಂತಳು. ನನ್ನ ಜೀವಕ್ಕ ಜೀವ ಬಂತು. ತಾನ ಸವಟು ತಗೊಂಡು ಸಣ್ಣ ಗಂಗಾಳಕ್ಕ ಅನ್ನ ಹಾಕಿದಳು, ಸಾರು ಹಾಕಿದಳು, ಮೆತ್ತಗಿನ ತುಂಡು ಆರಿಸಿ ಹಾಕಿದಳು. ಒಯ್ದು ಕಿಡಕಿ ಕಟ್ಟಿ ಮ್ಯಾಲ ಇಟ್ಟು, ಅದರ ಮುಂದ ಕುಂತಳು. ಉಣ್ಣಲಿಲ್ಲ. ‘ಉಣ್ಣವಾ’ ಅಂದ್ರ ಕೈ ಅಡ್ಡ ಮಾಡತಾಳ. ಆರಿಹೋತು, ನೊಣ ಬಂದ್ವು. ಜನ್ನತಬಿ ಕಾಕುಗ ಅನ್ನ ಕೆಡಿಸಿದ್ರ ಆಗೂದಿಲ್ಲ. ‘ಸೇರಲಿಲ್ಲ ಕಾಣಸ್ತೈತಿ’ ಅಂದು ಆ ಗಂಗಾಳ ತಗೊಂಡು ಪಾತೇಲಿಗೆ ಸುರುವಿದ್ರು.

ಲಿಗಾಯಾ ಚೀರಿದ್ದು ಇನ್ನೂ ನನ್ನ ಕಿವಿಯಾಗ ಐತಿ. ಪಾತೇಲಿನ ಒದ್ದಳು. ಎಲ್ಲಾ ನೆಲದ ಪಾಲಾತು. ಕಾಲಾಗ ಚಪ್ಪಲಿ ಇಲ್ಲದ ಹೊರಗ ಹೋದಳು. ಯಾಸ್ಮೀನನ ಗಂಡ ರಫೀಕ ಆಟೋ ತಗೊಂಡು ಓಣಿ ಓಣಿ ತಿರಗಿ, ಕಡೀಕ ಗದಗ ಸ್ಟೇಶನ್ನದಾಗ ಸಿಕ್ಕಳು. ಯಾವ ರೈಲು ಅಂತ ಆಕಿಗೇ ಗೊತ್ತಿಲ್ಲ.

ಹುಚ್ಚು ಹಿಡದೈತಿ ಅಂತಾರ ಮಂದಿ. ಅವ್ವ ದೃಷ್ಟಿ ತಗದಾಳ. ದವಾಖಾನಿಯೊಳಗ ಸಲಾಯನ್ ಹಚ್ಚಿ ಕಳಿಸ್ಯಾರ, ‘ಹಿಂಗ ಉಪವಾಸ ಬಿದ್ರ ನಮ್ಮ ಕೈಯಾಗ ಏನೂ ಇಲ್ಲ’ ಅಂದಾರ. ಪೆನ್ನು, ಕಾಗದ ಕೊಟ್ಟು ‘ಸುನೀಲಗ ಬರಿ’ ಅಂದೆ. ಗ್ವಾಡಿ ಕಡೆ ಮಾರಿ ತಿರಗಿಸಿದಳು.

ನೀನರ ಅಲ್ಲಿ ಎರಡೂ ಹೊತ್ತು ಮಾಂಸದೂಟ ಉಂಡು ಗಾಳಿಗೆ ಮಲಗೀದಿ. ನಾ ಇಲ್ಲಿ ಹುಟ್ಟಿದಾಗಿಂದ ಮುಟ್ಟಲಾರದ್ದನ್ನ ಮುಟ್ಟಿ, ಅವ್ವಗ ಸುಳ್ಳು ಹೇಳಿ, ಮಂದಿ ಮನಿ ನೆಲ ತೊಳದು ಬಂದೇನಿ. ಯಾವ ಹೆಂಡ್ತೀನ ಕಟಗೊಂಡು ನಮ್ಮ ಕೈಯಾಗ ಕೊಟ್ಟು ಹೋದ್ಯೋ! ಏನು ತಪ್ಪಾತು ಹೇಳು. ಸೀಗಡಿ ಇಲ್ಲಂತ ಹಿಂಗ ಮಾಡಿದಳೇನು? ಆಕಿ ಸತ್ರ ನಾ ನಿನಗ ಏನಂತ ಮಾರಿ ತೋರಿಸಲಿ?

ಕಲ್ಪನಾ

ಹಡಗದಿಂದ
೧೯ ಜುಲೈ ೨೦೨೪

ಅಕ್ಕಾ,

ಕೈ ನಡಗತೈತಿ, ಅಕ್ಷರ ತಿಳೀಲಿಲ್ಲ ಅಂದ್ರ ಫೋಟೋ ದೊಡ್ಡದು ಮಾಡಿ ಓದು.

ನಾ ನಿನ್ನ ಕಾಗದ ಓದಿ ಮೊದಲು ಸಿಟ್ಟಾದೆ. ಆಮ್ಯಾಲ ಬೋಸನ್‌ಗ ಎಲ್ಲಾ ಹೇಳಿದೆ, ಆ ಗಂಗಾಳದ ಮಾತೂ ಹೇಳಿದೆ. ಅಂವ ನಗಲಿಲ್ಲ. ಎದ್ದು ಹೋಗಿ ಕಟಾಂಜನ ಹಿಡದು ನಿಂತ.

ಅವಾಗ ನೆನಪಾತು. ಲಿಗಾಯಾನ ಅವ್ವ ತೀರಿಕೊಂಡಾಗ ನಾ ಅವರ ಮನಿಯಾಗ ಇದ್ದೆ. ದಿನ ಮಾಡೋ ಹೊತ್ತಿಗೆ ಲಿಗಾಯಾ ಇದ ಅಡಗಿ ಮಾಡಿದಳು, ಅವ್ವಗ ಸೇರತಿತ್ತಂತ. ಎಲ್ಲಾರಿಗಿಂತ ಮೊದಲು ಸಣ್ಣ ಗಂಗಾಳದಾಗ ಬಡಿಸಿ, ಮೆತ್ತಗಿನ ತುಂಡು ಆರಿಸಿ ಹಾಕಿ, ಕಿಡಕಿಯೊಳಗ ಇಟ್ಟಳು. ‘ಯಾರಿಗೆ?’ ಅಂದೆ. ‘ಅವ್ವಗ’ ಅಂದಳು. ಅದನ್ನ ಇಡೂತನಕ ಆ ಮನಿಯಾಗ ಒಬ್ಬರೂ ತುತ್ತು ಎತ್ತಲಿಲ್ಲ.

ಆಕಿ ತಾ ಉಣ್ಣಾಕ ಕೇಳಿಲ್ಲ ಅಕ್ಕಾ. ಇಡಾಕ ಕೇಳ್ಯಾಳ.

ಜನ್ನತಬಿ ಕಾಕು ‘ಬಾಣಂತಿಗೆ’ ಅಂದ್ರು ಅಂತ ನೀನ ಬರದೀದಿ. ಬರದದ್ದು ನಿನಗ ಕಾಣಲಿಲ್ಲೇನು? ಕೂಸು ಒದೀತೈತೇನು ಅಂತ ಕೇಳಿದ್ದಕ್ಕ ನೀ ಒಂದ ಮಾತು ಬರದಿಲ್ಲ.

ಯಾರಿಗೆ ಇಟ್ಟಳು ಆ ಗಂಗಾಳ? ನಾ ಕೇಳಬಾರದ್ದು ಕೇಳಾಕ ಹತ್ತೇನಿ. ಹೇಳಿ ಬಿಡು. ಇಲ್ಲಿ ದಿನಾ ನೀರ ನೋಡಿಕೋತ ಕುಂತು ಇದನ್ನ ವಿಚಾರ ಮಾಡೂದು ಆಗವಲ್ದು.

ಸುನೀಲ

ಬೆಟಗೇರಿ
೬ ಆಗಸ್ಟ್ ೨೦೨೪

ಸುನೀಲಾ, ನನ್ನ ತಮ್ಮಾ,

ಹೆಣ್ಣು ಕೂಸು. ಮೇ ತಿಂಗಳ ಎರಡನೇ ವಾರ. ಹೊಟ್ಟಿಯೊಳಗ ಮಿಸಕಾಡವಲ್ದು ಅಂತ ಲಿಗಾಯಾ ಅಂದ್ಲು, ದವಾಖಾನಿಗೆ ಒಯ್ಯೂದ್ರಾಗ ಎಲ್ಲಾ ಮುಗದಿತ್ತು. ಆಕಿಗೆ ಎಚ್ಚರಿರಲಿಲ್ಲ. ಸತ್ತ ಕೂಸಿನ ಮಾರಿ ತಾಯಿ ನೋಡಿದ್ರ ಮುಂದ ಹೊಟ್ಟಿ ನಿಲ್ಲೂದಿಲ್ಲ ಅಂತ ಅವ್ವ ಹಟಾ ಹಿಡದಳು. ದ್ಯಾಮಪ್ಪ ಕಾಕಾ ಒಂದು ಹೊಸಾ ಸೀರಿ ತುಂಡಿನ್ಯಾಗ ಸುತ್ತಿಕೊಂಡು ಒಯ್ದು ಮಣ್ಣು ಮಾಡಿ ಬಂದ. ಆಕಿ ಎಚ್ಚರಾಗಿ ‘ಎಲ್ಲಿ?’ ಅಂತ ಕೇಳಿದಳು. ಯಾರೂ ಹೇಳಲಿಲ್ಲ. ಈಗ ತಿಳೀತೈತಿ, ಆಕಿ ಅವತ್ತಿಂದ ಕೇಳಿದ್ದು ಅದೊಂದ.

ಹಡಗದಾಗ ಒಬ್ಬನ ಇದ್ದಿ, ಈ ಖಬರ ತಗೊಂಡು ಏನು ಮಾಡತಿ ಅಂತ ನಿನಗ ಮುಚ್ಚಿಟ್ವಿ. ನಿನಗ ಗೊತ್ತಾಗೇತಿ, ಗೊತ್ತಾಗಿಯೂ ನೀ ಸುಮ್ಮನ ಕುಂತಿ ಅಂತ ಆಕಿ ತಿಳಕೊಂಡಿದ್ದಳು. ಅದಕ್ಕ ಬರೀಲಿಲ್ಲ. ನಿನ್ನ ಬಯಕಿ ಸಂತೋಷದ ಕಾಗದ ಆಕಿಗೆ ಹೆಂಗ ತೋರಿಸಲಿ? ಮಗ್ಗದ ಕುಣಿಯಾಗ ಇಳದು ಅತ್ತು ಬಂದೆ.

ನಿನ್ನ ನಡಗೋ ಅಕ್ಷರ ನೋಡಿ ನಾ ಕೇರಳದ ಸಾಹೇಬರಿಗೆ ಫೋನ್ ಹಚ್ಚಿ, ‘ಖರೆ ಹೇಳ್ರಿ, ನನ್ನ ತಮ್ಮ ಹೆಂಗದಾನ?’ ಅಂದೆ. ಅವರು ಎಲ್ಲಾ ಬಿಚ್ಚಿ ಹೇಳಿದ್ರು. ಮಾಲಕ ಹಡಗ ಬಿಟ್ಟು ಓಡಿ ಹೋಗ್ಯಾನಂತ. ಬರೇ ಅಕ್ಕಿ ಉಳದೈತಂತ, ಅದೂ ದಿನಕ್ಕ ಒಂದ ಹೊತ್ತಂತ. ನಿನ್ನ ಮೊದಲಿನ ಕಾಗದದಾಗ ನೊರಿ ತಗಿಯೂದು ಬರದದ್ದನ್ನ ಮತ್ತ ಓದಿದೆ. ‘ಒಂದ ಹನಿನೂ ಚೆಲ್ಲಬ್ಯಾಡ.’ ಖಾಲಿ ಹೊಟ್ಟಿಲೆ ಕುಂತು ಅದನ್ನ ಬರದ್ಯೇನೋ? ನಿನಗ ನಾ ಮಾಂಸದೂಟ ಉಣ್ಣತಿ ಅಂತ ಹಂಗಿಸಿದೆನಲ್ಲೋ, ನನ್ನ ನಾಲಗಿ ಸುಡಲಿ.

ನಿನ್ನ ಕಾಗದ ಅವ್ವನ ಮುಂದ ಎಲ್ಲಾ ಓದಿದೆ. ಏನೂ ಮುಚ್ಚಲಿಲ್ಲ, ನೀ ಉಪವಾಸ ಇರೂದೂ ಹೇಳಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕುಂತಳು. ಆಮ್ಯಾಲ ದ್ಯಾಮಪ್ಪ ಕಾಕಾನ ಕರಿಸಿದಳು. ‘ಕೂಸಿನ ಜಾಗಾ ಗುರತು ಐತೇನು?’ ಅಂದ್ಲು. ‘ಕಲ್ಲು ಇಟ್ಟೇನಬೇ’ ಅಂದ ಕಾಕಾ. ನನ್ನ ಕಡೆ ತಿರಗಿ, ‘ನನ್ನ ಒಲಿ ಮ್ಯಾಲ ಮಾಂಸ ಏರಸಬ್ಯಾಡ್ರಿ. ಹಿತ್ತಲದಾಗ ಮೂರು ಕಲ್ಲು ಹೂಡ್ರಿ. ಶೇಂಗಾ ನಾ ಹುರೀತೇನಿ’ ಅಂದ್ಲು.

ಸೀಗಡಿಗೆ ರಫೀಕನ ಆಟೋದಾಗ ಕೊರ್ಲಹಳ್ಳಿಗೆ ಹೋದೆ. ಹೊಳಿ ದಂಡಿಮ್ಯಾಲ ಮುದುಕವ್ವ ಅಂತ ಮೀನ ಮಾರಾಕಿ, ಬೆರಳಿನ ಉಗುರಷ್ಟು ಸೀಗಡಿ ಎಲಿಯೊಳಗ ಕಟ್ಟಿ ಕೊಟ್ಟಳು. ಹೊಳಿ ಸೀಗಡಿ, ಸಮುದ್ರದ್ದಲ್ಲ. ಉಪ್ಪು ಹಚ್ಚಿ ಬಿಸಲಾಗ ಇಟ್ವಿ. ಓಣಿ ತುಂಬ ನಾತ. ಬಾಜೂ ಮನಿಯವರು ಬಾಗಲಾ ಹಾಕಿಕೊಂಡ್ರು. ಅವ್ವ ಹೊರಗ ಬಂದು ಅವರ ಬಾಗಲಾ ಬಡದು, ‘ನಮ್ಮ ಕೂಸಿಂದು ದಿನ ಐತಿ, ಇವತ್ತೊಂದಿನ ತಡಕೋರಿ’ ಅಂದ್ಲು. ಮೊದಲನೇ ಸಲ ಅವ್ವ ‘ನಮ್ಮ ಕೂಸು’ ಅಂದದ್ದು.

ಯಾಸ್ಮೀನ ಬಂದು ಒಲಿ ಹೊತ್ತಿಸಿದಳು. ನಾ ಲಿಗಾಯಾಗ ನನಗ ಬರೋ ಇಂಗ್ಲೀಷಿನ್ಯಾಗ ಹೇಳಿದೆ: ಸುನೀಲಗ ಗೊತ್ತಿರಲಿಲ್ಲ, ಈಗ ಗೊತ್ತಾಗೇತಿ, ಇವತ್ತು ನಿನ್ನ ಮಗಳ ಹತ್ರ ಕರಕೊಂಡು ಹೋಗತೇವಿ. ಆಕಿ ನನ್ನ ಮಾರಿ ನೋಡಕೋತ ಕುಂತಳು. ನಂಬಲಿಲ್ಲ. ಅಕ್ಕಿ ಹುರಿಯೋ ವಾಸನಿ ಬಂದಾಗ ಗ್ವಾಡಿ ಹಿಡಕೊಂಡು ಹಿತ್ತಲಕ್ಕ ಬಂದಳು. ನನ್ನ ಕೈಯಾನ ಸವಟು ಕಸಗೊಂಡು, ಬಾಣಲಿ ತೋರಿಸಿ, ಇನ್ನೂ ಕೆಂಪಗ ಆಗಬೇಕು ಅಂತ ಸನ್ನಿ ಮಾಡಿದಳು. ಕಡೀತನಕ ತಾನ ಮಾಡಿದಳು. ನಿಲ್ಲಾಕ ತ್ರಾಣ ಇಲ್ಲ, ಯಾಸ್ಮೀನ ಹಿಂದಿಂದ ನಡಾ ಹಿಡಕೊಂಡು ನಿಂತಿದ್ದಳು.

ಕೆಂಪು ಮಣ್ಣು, ಒಂದು ಬೇವಿನ ಗಿಡ, ದ್ಯಾಮಪ್ಪ ಕಾಕಾ ಇಟ್ಟ ಕಲ್ಲು. ಲಿಗಾಯಾ ಗಂಗಾಳ ಇಟ್ಟು ಮಣ್ಣಿನ ಮ್ಯಾಲ ಅಂಗೈ ಊರಿಕೊಂಡು ಕುಂತಳು. ಆಮ್ಯಾಲ ಅವ್ವನ ಕಡೆ ನೋಡಿ ಏನೋ ಕೇಳಿದಳು. ‘ಏನಂತಾಳ?’ ಅಂದ್ಲು ಅವ್ವ. ನಾ ತಿಳಿಸಿ ಹೇಳಿದೆ: ‘ಕೂಸು ಯಾರಂಗಿತ್ತು ಅಂತ ಕೇಳತಾಳಬೇ. ನೀ ನೋಡೀಯಲ್ಲ.’

ಅವ್ವ ಹೋಗಿ ಆಕಿ ಬಾಜೂಕ ಕುಂತಳು. ‘ತಲಿತುಂಬ ಕೂದಲಾ ಇದ್ವು’ ಅಂದ್ಲು. ‘ಮೂಗು ಸುನೀಲಂದು. ಬಾಯಿ ನಿನ್ನದು, ಸಣ್ಣ ಬಾಯಿ. ಬೆರಳು ಉದ್ದ ಇದ್ವು ಲಿಂಗವ್ವಾ. ನಾ ಎಣಿಸಿ ನೋಡೀನಿ, ಎಲ್ಲಾ ನೆಟ್ಟಗಿದ್ವು.’ ನಾ ಒಂದೊಂದ ಮಾತೂ ಹೇಳಿದೆ. ಮೇ ತಿಂಗಳಿಂದ ಅಳಲಾರದಾಕಿ ಅವತ್ತು ಅತ್ತಳು. ಅವ್ವನ ಮಡಲಾಗ ತಲಿ ಇಟ್ಟು ಅತ್ತಳು. ಅವ್ವನೂ.

ಮನಿಗೆ ಬಂದು ನಾಕು ತುತ್ತು ಉಂಡಳು. ಅವ್ವ ಮುಟ್ಟಲಿಲ್ಲ, ಆದ್ರ ಆಕಿ ಉಂಡು ಏಳೂತನಕ ಬಾಜೂಕಿಂದ ಏಳಲಿಲ್ಲ. ಎಲ್ಲಾ ನೆಟ್ಟಗಾತು ಅಂತ ನಾ ಬರಿಯೂದಿಲ್ಲ. ಮರುದಿನ ಮತ್ತ ಏನೂ ಬ್ಯಾಡ ಅಂದ್ಲು. ಅದರ ಮರುದಿನ ಅರ್ಧ ರೊಟ್ಟಿ. ನಿನ್ನೆ ‘ಸುನೀಲ ಉಣ್ಣತಾನೇನು?’ ಅಂತ ಕೇಳಿದಳು. 

ಜೀವ ಹಿಡಕೊಂಡಿರು. ಆ ಸಾಹೇಬರಿಗೆ ದಿನಾ ಫೋನ್ ಮಾಡಾಕ ಹತ್ತೇನಿ, ಅವರು ಬ್ಯಾಸತ್ರೂ ಬಿಡೂದಿಲ್ಲ.

ಅಕ್ಕ

ಹಡಗದಿಂದ
೨೫ ಆಗಸ್ಟ್ ೨೦೨೪

ಅಕ್ಕಾ,

ಹಡಗದ ಮ್ಯಾಲ ಬರಿಯೋ ಕಾಗದ ಇದ ಕಡೀದು. ಕೋರ್ಟಿನವರು ಹಡಗ ಜಪ್ತಿ ಮಾಡ್ಯಾರ, ನಮ್ಮನ್ನ ನಾಡದು ದಂಡಿಗೆ ಇಳಸ್ತಾರ. ಹಿಂದ ಎರಡು ಸಲ ಹಿಂಗ ಹೇಳಿದ್ರು, ಆಗಲಿಲ್ಲ. ಈ ಸಲ ಸಾಹೇಬರು ತಾವ ಬಂದು ನಮ್ಮ ಪಾಸ್‌ಪೋರ್ಟ್ ಕೈಯಾಗ ಕೊಟ್ಟು ಹೋಗ್ಯಾರ. ಖರೆ ಇರಬೇಕು.

ನಾನೂ ನಿನಗ ಸುಳ್ಳು ಬರದೆ. ನೀನೂ ಬರದಿ. ಆತು, ಬಿಡು. ಬೈಯಾಕ ನನಗ ಬಾಯಿ ಇಲ್ಲ.

ನಿನ್ನ ಕಾಗದ ಬಂದ ದಿನ ನಾ ಅದನ್ನ ಹಿಡಕೊಂಡು ಡೆಕ್ಕಿನ ಮ್ಯಾಲ ಕುಂತಿದ್ದೆ. ಬೋಸನ್ ಬಂದು ಕಾಗದ ಇಸಗೊಂಡ, ಓದಾಕ ಬರೂದಿಲ್ಲ, ಮಡಚಿ ನನ್ನ ಕಿಸೇದಾಗ ತಿರಗಿ ಇಟ್ಟ. ‘ಅಡಗಿ ಮಾಡು’ ಅಂದ. ‘ಏನೈತಿ ಮಾಡಾಕ?’ ಅಂದೆ. ‘ಇದ್ದದ್ದು ಮಾಡು’ ಅಂದ.

ಅಕ್ಕಿ ಇತ್ತು. ಅದರಾಗ ಒಂದು ಹಿಡಿ ಬಾಣಲಿಗೆ ಹಾಕಿ ಕೆಂಪಗ ಹುರದೆ, ವಾಸನಿಗೆ. ಉಳದದ್ದು ಅನ್ನ ಮಾಡಿದೆ. ಸ್ಟೀಲ್ ತಾಟಿನ್ಯಾಗ ಅನ್ನ ಹಾಕಿ, ಮ್ಯಾಲ ಆ ಹುರದ ಅಕ್ಕಿ ಪುಡಿ ಉದುರಿಸಿ ಡೆಕ್ಕಿನ ಮ್ಯಾಲ ಇಟ್ಟೆ. ಹನ್ನೊಂದು ಮಂದಿ ಸುತ್ತ ಕುಂತರು. ಮುಂಜಾನಿಂದ ಯಾರ ಹೊಟ್ಟಿಗೂ ಏನೂ ಬಿದ್ದಿರಲಿಲ್ಲ. ಹಿಂದಿನ ದಿನ ಒಂದು ಮುಷ್ಟಿ ಅನ್ನಕ್ಕ ಕೊಳಪಟ್ಟಿ ಹಿಡದು ಬಡದಾಡಿದವರೂ ಅವರಾಗ ಇದ್ರು. ಬೋಸನ್ ಪ್ರಾರ್ಥನಾ ಮಾಡಿದ. ಬಿಸಲು ಇಳದು ಅನ್ನ ತಣ್ಣಗಾಗೂತನಕ ಕುಂತಿದ್ವಿ. ಆ ತಾಟು ಒಬ್ಬನೂ ಮುಟ್ಟಲಿಲ್ಲ.

ನಾ ಬೆಟಗೇರಿಗೆ ಬಂದ ದಿನ ಮನಿಗೆ ಮೊದಲು ಬರೂದಿಲ್ಲ. ಲಿಗಾಯಾನ್ನ ಸ್ಟೇಶನ್ನಿಗೆ ಕರಕೊಂಡು ಬಾ, ಅಲ್ಲಿಂದ ಸೀದಾ ಆ ಬೇವಿನ ಗಿಡದ ಹತ್ರ ಹೋಗೂಣು. ನನಗ ಹಾದಿ ಗೊತ್ತಿಲ್ಲ, ಆಕಿಗೆ ಗೊತ್ತೈತಿ.

ಸುನೀಲ